ಅಪ್‌ಡೇಟ್: ಹಾಪರ್ ಫ್ಲ್ಯಾಂಜ್ ಮಾಡೆಲ್ ಸರಿಹೋಯಿತು

ಕಲಬುರಗಿಯ ತೊಗರಿ ಬೇಳೆ ಮಿಲ್ಲಿನ ಹಾಪರ್ (ಕಾಳು ಸುರಿಯುವ ತೊಟ್ಟಿ) ಫ್ಲ್ಯಾಂಜಿಗೆ, ಅಂದರೆ ಬೋಲ್ಟ್ ಹಾಕಿ ಜೋಡಿಸುವ ಬಳೆಯಂಥ ಅಂಚಿಗೆ, ತೂಕದ ಲೆಕ್ಕ ಸೇರಿಸಿದ ಕೂಡಲೇ ಫ್ರೀಕ್ಯಾಡ್ (3ಡಿ ವಿನ್ಯಾಸದ ಸಾಫ್ಟ್‌ವೇರ್) ರೀಕಂಪ್ಯೂಟ್ ಆಗುತ್ತಿಲ್ಲ, ಮಾಡೆಲನ್ನು ಮತ್ತೆ ಲೆಕ್ಕ ಹಾಕುತ್ತಿಲ್ಲ ಎಂದು ಕೇಳಿದ್ದೆ. ಕಾರಣ ಸಿಕ್ಕಿತು. ಅಳತೆ ಕೊಡುವ ಸ್ಪ್ರೆಡ್‌ಶೀಟೇ ಬಾಡಿಯ (ಫ್ಲ್ಯಾಂಜಿನ 3ಡಿ ಆಕಾರದ) ಘನಗಾತ್ರವನ್ನೂ ಓದುತ್ತಿತ್ತು. ಸೆಲ್‌ಗಳು ಬೇರೆಯಾದರೂ ಫ್ರೀಕ್ಯಾಡಿಗೆ ಇಡೀ ಶೀಟು ಒಂದೇ ವಸ್ತು. ಹಾಗಾಗಿ ಅದು ಬಾಡಿಗೆ, ಬಾಡಿ ಅದಕ್ಕೆ ಕಾಯುತ್ತ ಸುತ್ತು ಹಾಕುತ್ತವೆ. ತೂಕವನ್ನು ಎರಡನೇ ಶೀಟಿಗೆ ಹಾಕಿದೆ, ಎರರ್ ಹೋಯಿತು.

ಇನ್ನೊಂದು ತಪ್ಪು: ಪಿಸಿಡಿ (ಬೋಲ್ಟ್ ತೂತುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ) ಸೆಲ್‌ನಲ್ಲಿ ಬರೀ 200 ಇತ್ತು. ಅದಕ್ಕೆ 40 ಮಿಮೀ ಕೂಡಿಸಿದರೆ ಯೂನಿಟ್ ಹೊಂದುವುದಿಲ್ಲ. ಸೆಲ್‌ನಲ್ಲೇ ಮಿಮೀ ಸೇರಿಸಿ ಬರೆದರೆ ಸರಿಹೋಗುತ್ತದೆ.

ತೂತು 8, ಎಂ10 ಬೋಲ್ಟಿಗೆ 11 ಮಿಮೀ. ಪಕ್ಕದ ತೂತುಗಳ ನಡು ಅಂತರ ಪಿಸಿಡಿ × ಸೈನ್(180/8), ಅಂದರೆ 76.5 ಮಿಮೀ. ಹಳೇ ಫ್ಲ್ಯಾಂಜಿನ ಮೇಲೆ ಇದನ್ನೇ ಅಳೆದು ನೋಡುವುದು ಸುಲಭ.