ಒಂದೇ ಜೀನ್, ಎರಡು ಬ್ಯಾಂಡ್: ತಲೆ ಕೆಟ್ಟು ಹೋಗಿದೆ, ಯಾರಾದ್ರೂ ನೋಡಿ

ನೊಣದ_ಹಿಂದೆ (ದಾವಣಗೆರೆ), ಮಂಗಳವಾರ ರಾತ್ರಿ 9:40
ಎಂಎಸ್ಸಿ ಪ್ರಾಜೆಕ್ಟ್. ಆರ್‌ಟಿ-ಪಿಸಿಆರ್ ಮಾಡ್ತಿದೀನಿ, ಅಂದ್ರೆ ಆರ್‌ಎನ್‌ಎಯನ್ನ ಡಿಎನ್‌ಎ ಮಾಡಿ, ಅದರ ಒಂದು ತುಂಡನ್ನ ನಕಲು ಮೇಲೆ ನಕಲು ಮಾಡಿ, ಜೆಲ್‌ನಲ್ಲಿ ಉದ್ದ ನೋಡೋದು. ಬರಬೇಕಾದ್ದು ಒಂದೇ ಬ್ಯಾಂಡ್ (ಜೆಲ್‌ನಲ್ಲಿ ಕಾಣೋ ಗೆರೆ), 210 ಬಿಪಿ (ಬೇಸ್ ಜೋಡಿ) ಉದ್ದದ್ದು. ಬರ್ತಿರೋದು ಎರಡು. 210ರದು ಇದೆ, ಅದರ ಮೇಲೆ 400ರ ಹತ್ರ ಇನ್ನೊಂದು ಗಟ್ಟಿಯಾಗಿ ಕೂತಿದೆ. ಅನೀಲಿಂಗ್ ಏರಿಸಿದೆ, ಇಳಿಸಿದೆ, ಮೆಗ್ನೀಸಿಯಂ ಕಡಿಮೆ ಮಾಡಿದೆ, ಪ್ರೈಮರ್ (ನಕಲು ಶುರು ಮಾಡಿಸೋ ಚಿಕ್ಕ ಡಿಎನ್‌ಎ ತುಂಡು) ಹೊಸದಾಗಿ ಡೈಲ್ಯೂಟ್ ಮಾಡಿದೆ. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಗೈಡ್ ಕೇಳಿದ್ರೆ "ನಾನ್‌ಸ್ಪೆಸಿಫಿಕ್ ಕಣಮ್ಮ, ಆಪ್ಟಿಮೈಸ್ ಮಾಡ್ಕೋ" ಅಂತಾರೆ. ಇನ್ನೇನು ಮಾಡ್ಕೊಳ್ಳಲಿ? ಮುಂದಿನ ವಾರ ಪ್ರೆಸೆಂಟೇಶನ್. ಜೆಲ್ ಫೋಟೋ ಕೆಳಗಿದೆ.

ಜೆಲ್‌ರಾಯ, 9:52
ಜಿನೋಮಿಕ್ ಡಿಎನ್‌ಎ. ಫೋಟೋ ನೋಡೋದೂ ಬೇಡ. ಆರ್‌ಎನ್‌ಎ ಜೊತೆ ಡಿಎನ್‌ಎ ಬಂದಿದೆ, ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ಹೋಗೋ ಭಾಗ) ಸಮೇತ ಆಂಪ್ಲಿಫೈ ಆಗಿದೆ, ಅದಕ್ಕೇ ಮೇಲೆ ದೊಡ್ಡ ಬ್ಯಾಂಡ್. ಡಿಎನ್‌ಎ ತಿನ್ನೋ ಡಿಎನ್‌ಏಸ್ ಹಾಕಿ, ಮಲಗಿ.

ಹರಿಹರದವ್ನು, 10:05
ಫೋಟೋ ನೋಡಿದೆ. ಮೊಬೈಲ್ ಫ್ಲ್ಯಾಶ್ ಹಾಕಿ ತೆಗೆದಿದೀರಾ? ಲ್ಯಾಡರ್ (ಉದ್ದ ಅಳೆಯೋಕೆ ಹಾಕೋದು) ಯಾವುದು, ನಿಮ್ಮ ಲೇನ್ ಯಾವುದು ಅಂತನೇ ತಿಳೀತಿಲ್ಲ. ಯಾವ ಜೀನ್, ಯಾವ ಜೀವಿ, ಎಷ್ಟು ಪರ್ಸೆಂಟ್ ಜೆಲ್, ಅದನ್ನೂ ಹೇಳಿಲ್ಲ.

ನೊಣದ_ಹಿಂದೆ, 10:11
ಹೆಸರು ನೋಡಿದ್ರೆ ಗೊತ್ತಾಗಲ್ವಾ, ಹಣ್ಣಿನ ನೊಣ, ಡ್ರೊಸೊಫಿಲಾ ಮೆಲನೋಗ್ಯಾಸ್ಟರ್. ಜೆಲ್ 1%. ಡಿಎನ್‌ಏಸ್ ಹಾಕೇ ಹಾಕಿದೀನಿ.

ಜೆಲ್‌ರಾಯ, 10:14
ಡಿಎನ್‌ಏಸ್ ಹಳೇದಿರತ್ತೆ. ಈ ಸೆಕೆಗೆ, ಈ ಕರೆಂಟಿಗೆ, ಫ್ರೀಜರ್‌ನಲ್ಲಿ ಕಿಣ್ವ ಬದುಕಿದ್ರೆ ಅದೇ ಹೆಚ್ಚು. ಹೊಸ ವಯಲ್ ತಗೊಳ್ಳಿ.

ಅಕ್ರಿಲಿಕ್_ಅಣ್ಣ, 10:30
ಜೆಲ್ ಟ್ಯಾಂಕ್ ಯಾವುದಮ್ಮಾ? ನಾನು ಅಕ್ರಿಲಿಕ್ ಶೀಟ್ ಕೊಯ್ಸಿ ಕ್ಲೋರೋಫಾರ್ಮ್‌ನಲ್ಲಿ ಅಂಟಿಸಿ ಮನೆಯಲ್ಲೇ ಮಾಡಿಟ್ಟಿದೀನಿ. ಪ್ಲಾಟಿನಂ ತಂತಿ. ಸ್ಟೀಲ್ ತಂತಿ ಹಾಕಿದ್ರೆ ನಾಲ್ಕು ರನ್‌ಗೇ ತುಕ್ಕು ಹಿಡಿದು ಬಫರ್ ಕಂದಾಗತ್ತೆ. ಕೆಳಗೆ ನೀಲಿ ಎಲ್‌ಇಡಿ, ಮೇಲೆ ಕಿತ್ತಳೆ ಬಣ್ಣದ ಶೀಟು. ಯುವಿ ಬೇಡ, ಎಥಿಡಿಯಂ ಬ್ರೋಮೈಡ್ ಬೇಡ. ಬ್ಯಾಂಡ್‌ಗಳು ಮುತ್ತು ಪೋಣಿಸಿದ ಹಾಗೆ.

ಹರಿಹರದವ್ನು, 10:34
ಶುರುವಾಯ್ತು. ಪ್ರತಿ ಥ್ರೆಡ್‌ನಲ್ಲೂ ಈ ಟ್ಯಾಂಕಿನ ಮೆರವಣಿಗೆ ಒಂದು.

ಅಕ್ರಿಲಿಕ್_ಅಣ್ಣ, 10:36
ನಿಮ್ಮ ಹತ್ರ ಇದ್ರೆ ನೀವೂ ಹಾಕಿ, ಬೇಡ ಅಂದೋರ್ಯಾರು.

ಮೂರು_ಪ್ರೈಮ್, 10:50
ಜಗಳ ಆಮೇಲೆ. ಅಕ್ಕ, ಮೈನಸ್ ಆರ್‌ಟಿ ಕಂಟ್ರೋಲ್ ಇಟ್ಟಿದ್ರಾ? ಆರ್‌ಎನ್‌ಎಯನ್ನ ಡಿಎನ್‌ಎ ಮಾಡೋ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದೆ ಉಳಿದದ್ದೆಲ್ಲ ಹಾಕಿರೋ ಟ್ಯೂಬು. ಅದರಲ್ಲೂ ಬ್ಯಾಂಡ್ ಬಂದ್ರೆ ಮಾತ್ರ ಜೆಲ್‌ರಾಯರ ಮಾತು ನಿಜ. ಮತ್ತೆ, ಜೀನ್ ಯಾವುದು ಅಂತ ಇನ್ನೂ ಹೇಳಿಲ್ಲ ನೀವು.

ನೊಣದ_ಹಿಂದೆ, ಬುಧವಾರ ಬೆಳಿಗ್ಗೆ 8:20
ಮೈನಸ್ ಆರ್‌ಟಿ ಇದೆ, ಫೋಟೋದಲ್ಲಿ ನಾಲ್ಕನೇ ಲೇನ್, ಖಾಲಿ. ಅದನ್ನ ಹೇಳ್ಬೇಕಾ, ಎಲ್ಲರೂ ಇಡ್ತಾರಲ್ಲ. ಜೀನ್ ಟ್ರಾನ್ಸ್‌ಫಾರ್ಮರ್. ಫ್ಲೈಬೇಸ್‌ನಲ್ಲಿ (ನೊಣದ ಜೀನ್‌ಗಳ ಡೇಟಾಬೇಸ್) ಮೊದಲು ಸಿಕ್ಕ ಟ್ರಾನ್ಸ್‌ಕ್ರಿಪ್ಟ್ ತಗೊಂಡು ಪ್ರೈಮರ್ ಡಿಸೈನ್ ಮಾಡಿದ್ದು, ಮೊದಲನೇ ಇಂಟ್ರಾನ್‌ನ ಆ ಕಡೆ ಒಂದು, ಈ ಕಡೆ ಒಂದು.

ಜೆಲ್‌ರಾಯ, 8:31
ನಾಲ್ಕನೇ ಲೇನ್ ಖಾಲಿ ಅಂತ ಆ ಫೋಟೋದಲ್ಲಿ ಹೇಳೋಕಾಗಲ್ಲ, ಮೊದಲನೇ ಲೇನೂ ಖಾಲಿ ಥರನೇ ಕಾಣ್ತಿದೆ. ಸೈಕಲ್ ಎಷ್ಟು? 25ಕ್ಕೆ ನಿಲ್ಲಿಸಿದ್ರೆ ಜಿನೋಮಿಕ್ ಕಾಣಲ್ಲ. 40 ಓಡ್ಸಿ ನೋಡಿ.

ಮೂರು_ಪ್ರೈಮ್, 8:45
40 ಓಡಿಸಿದ್ರೆ ನೀರಲ್ಲೂ ಬ್ಯಾಂಡ್ ಬರತ್ತೆ ಸ್ವಾಮಿ.

ಟ್ರಾನ್ಸ್‌ಫಾರ್ಮರ್ ಅಂದ್ರೆ ಲೆಕ್ಕವೇ ಬೇರೆ. ಅಕ್ಕ, ಆರ್‌ಎನ್‌ಎ ತೆಗೆದ ನೊಣ ಗಂಡೋ ಹೆಣ್ಣೋ?

ನೊಣದ_ಹಿಂದೆ, 9:02
ಎರಡೂ. ಬಾಟಲಿಯಿಂದ ಈಥರ್ ಕೊಟ್ಟು ಉದುರಿಸಿದ್ದು, ಅಷ್ಟನ್ನೂ ಆರ್‌ಎನ್‌ಎ ತೆಗೆಯೋ ಟ್ರೈಜಾಲ್‌ಗೆ ಹಾಕಿ ಅರೆದದ್ದು. ಅದಕ್ಕೂ ಬ್ಯಾಂಡಿಗೂ ಏನು ಸಂಬಂಧ?

ಮೇಷ್ಟ್ರು_ದುರ್ಗ (ಚಿತ್ರದುರ್ಗ, ನಿವೃತ್ತ ಪ್ರಾಣಿಶಾಸ್ತ್ರ), 9:40
ಸಂಬಂಧ ಇರೋದೇ ಅಲ್ಲಿ ತಾಯಿ. ಬೇರೆ ಯಾವ ಜೀನಾದ್ರೂ ಜೆಲ್‌ರಾಯರ ಮಾತಿಗೆ ಬೆಲೆ ಇರ್ತಿತ್ತು. ನೀನು ಹುಡುಕಿ ಹುಡುಕಿ ತಗೊಂಡಿರೋದು ಗಂಡು-ಹೆಣ್ಣಿಗೆ ತಕ್ಕಂತೆ ಬೇರೆ ಬೇರೆ ಕತ್ತರಿಸಿಕೊಳ್ಳೋ ಜೀನು.

ಹೇಳ್ತೀನಿ ಕೇಳು. ಟ್ರಾನ್ಸ್‌ಫಾರ್ಮರ್‌ನ ಮೊದಲನೇ ಇಂಟ್ರಾನ್ ಶುರುವಾಗೋ ಜಾಗ ಒಂದೇ, ಮುಗಿಯೋಕೆ ಜಾಗ ಎರಡು. ಹತ್ತಿರದ್ದರಲ್ಲಿ ಕತ್ತರಿಸಿದ್ರೆ 73 ಬೇಸ್ ಹೋಗತ್ತೆ. ದೂರದ್ದರಲ್ಲಿ ಕತ್ತರಿಸಿದ್ರೆ 248 ಹೋಗತ್ತೆ. ವ್ಯತ್ಯಾಸ 175. ಗಂಡಿನಲ್ಲಿ ಯಾವಾಗಲೂ ಹತ್ತಿರದ್ದೇ. ಹೆಣ್ಣಿನಲ್ಲಿ ಸೆಕ್ಸ್-ಲೀಥಲ್ ಅನ್ನೋ ಪ್ರೋಟೀನ್ ಇರತ್ತೆ, ಅದು ಹತ್ತಿರದ ಜಾಗದ ಹಿಂದಿರೋ ಪಿರಿಮಿಡಿನ್ ಸಾಲಿನ ಮೇಲೆ ಹೋಗಿ ಕೂತ್ಕೊಳತ್ತೆ. ಅಲ್ಲಿ ಬಂದು ಕೂರಬೇಕಾದ ಯು2ಎಎಫ್‌ಗೆ (ಕತ್ತರಿಸೋ ಜಾಗ ಗುರುತಿಸೋ ಪ್ರೋಟೀನ್) ಜಾಗ ಇಲ್ಲ, ಅದು ದೂರದ ಜಾಗಕ್ಕೆ ಹೋಗತ್ತೆ. ಆ 175ರ ಒಳಗೆ ಒಂದು ಸ್ಟಾಪ್ ಕೋಡಾನ್, ಅಂದ್ರೆ ಪ್ರೋಟೀನ್ ಇಲ್ಲಿಗೆ ನಿಲ್ಲಿಸು ಅನ್ನೋ ಗುರುತು, ಇದೆ. ಗಂಡಿನಲ್ಲಿ ಅದು ಉಳಿದುಬಿಡತ್ತೆ, ಪ್ರೋಟೀನ್ ಶುರುವಾಗಿ ಸ್ವಲ್ಪಕ್ಕೇ ಮುಗಿಯತ್ತೆ, ಕೆಲಸಕ್ಕೆ ಬರಲ್ಲ. ದುರ್ಗಮ್ಮನ ಜಾತ್ರೆ ನಾಟಕದಲ್ಲಿ ಎರಡನೇ ದೃಶ್ಯಕ್ಕೇ ಮಂಗಳ ಹಾಡಿ ಪರದೆ ಎಳೆದ ಹಾಗೆ. ಹೆಣ್ಣಿನಲ್ಲಿ ಅದು ಕತ್ತರಿಸಿ ಹೋಗಿರತ್ತೆ, ಪೂರ್ತಿ ಪ್ರೋಟೀನ್ ಬರತ್ತೆ.

ಈಗ ನಿನ್ನ ಲೆಕ್ಕ. ಹೆಣ್ಣಿನದು 210. ಅದಕ್ಕೆ 175 ಸೇರಿಸು, 385. 1% ಜೆಲ್‌ನಲ್ಲಿ ಅದು 400 ಥರ ಕಾಣದೆ ಇನ್ನೇನು ಕಾಣತ್ತೆ?

ಜೆಲ್‌ರಾಯ, 9:58
ಮೇಷ್ಟ್ರೇ, ಗೌರವ ಇಟ್ಟೇ ಹೇಳ್ತೀನಿ. ಜಿನೋಮಿಕ್ ಆದ್ರೆ 210ಕ್ಕೆ 248 ಸೇರಿ 458. 1% ಜೆಲ್‌ನಲ್ಲಿ 385 ಯಾವುದು 458 ಯಾವುದು ಅಂತ ಆ ಫೋಟೋ ನೋಡಿ ಯಾರು ಹೇಳ್ತಾರೆ? ನೀವೂ ಊಹೆ ಮಾಡ್ತಿದೀರಿ, ನಾನೂ ಊಹೆ ಮಾಡ್ತಿದೀನಿ.

ಮೇಷ್ಟ್ರು_ದುರ್ಗ, 10:10
ಅದು ನ್ಯಾಯವಾದ ಮಾತು. ಹಂಗಾದ್ರೆ ಜೆಲ್ 2.5% ಮಾಡಿಸಿ, ಪಕ್ಕದ ಲೇನ್‌ಗೆ ನೊಣದ ಜಿನೋಮಿಕ್ ಡಿಎನ್‌ಎಯನ್ನೇ ಟೆಂಪ್ಲೇಟ್ ಆಗಿ ಹಾಕಿ ಓಡಿಸಲಿ. ಮೂರೂ ಬೇರೆ ಬೇರೆ ನಿಲ್ಲತ್ತೆ. ಗಂಡು, ಹೆಣ್ಣು ಬೇರೆ ಬೇರೆ ಟ್ಯೂಬು.

ಹರಿಹರದವ್ನು, 10:22
2.5% ಅಂದ್ರೆ 50 ಎಂಎಲ್‌ಗೆ 1.25 ಗ್ರಾಂ ಅಗರೋಸ್. ಕಾಲೇಜ್ ಸ್ಟೋರ್‌ನಲ್ಲಿ ಅಷ್ಟು ಕೇಳಿದ್ರೆ ಆಸ್ತಿ ಬರೆಸ್ಕೊಂಡು ಹೋಗೋಕೆ ಬಂದಿದೀವೇನೋ ಅನ್ನೋ ಥರ ನೋಡ್ತಾರೆ. 2% ಸಾಕು.

ಅಕ್ರಿಲಿಕ್_ಅಣ್ಣ, 10:25
ನನ್ನ ಟ್ಯಾಂಕ್‌ನಲ್ಲಿ 30 ಎಂಎಲ್ ಜೆಲ್ ಸಾಕಾಗತ್ತೆ. ಸುಮ್ನೆ ಹೇಳಿದೆ.

ಜೆಲ್‌ರಾಯ, 10:40
2% ಸಾಕಾಗಲ್ಲ. ಸಾಕಾಗತ್ತೆ ಅನ್ನೋರು 73 ಬೇಸ್ ವ್ಯತ್ಯಾಸ ಬಿಡಿಸಿ ತೋರ್ಸಿ. ಓಲ್ಟೇಜ್ ಕಡಿಮೆ ಇಟ್ಟು ನಿಧಾನ ಓಡ್ಸಿದ್ರೆ ಅದು ಬೇರೆ ವಿಷ್ಯ.

ಹರಿಹರದವ್ನು, 10:44
ನಿಧಾನ ಓಡಿಸಿದ್ರೆ ಅಂತ ನೀವೇ ಹೇಳಿದ್ರಲ್ಲ, ಅದನ್ನೇ ನಾನೂ ಹೇಳ್ತಿರೋದು.

ನೊಣದ_ಹಿಂದೆ, 11:15
ಸರ್, ಗಂಡು ಹೆಣ್ಣು ಬೇರೆ ಮಾಡೋದು ಗೊತ್ತು, ಗಂಡಿನ ಹೊಟ್ಟೆ ತುದಿ ಕಪ್ಪಿರತ್ತೆ. ಆದ್ರೆ ಹೊಸದಾಗಿ ಹೊರಬಂದ ನೊಣಗಳಲ್ಲಿ ಎಲ್ಲವೂ ಬೆಳ್ಳಗೆ ಕಾಣ್ತವೆ, ತಪ್ಪಾಗ್ತಿದೆ.

ಮೇಷ್ಟ್ರು_ದುರ್ಗ, 11:30
ಹೊಟ್ಟೆ ಬಿಡು, ಮುಂದಿನ ಕಾಲು ನೋಡು. ಬೆನ್ನ ಮೇಲೆ ಮಲಗಿಸಿ, ಕೂದಲು ಬ್ರಷ್‌ನಿಂದ ಕಾಲು ಸರಿಸು. ಗಂಡಿನ ಮುಂಗಾಲಿನ ಪಾದದ ಮೊದಲ ಗಿಣ್ಣಿನಲ್ಲಿ ಗಟ್ಟಿ ಕಪ್ಪು ಕೂದಲಿನ ಒಂದು ಸಾಲು, ಹೇನಿನ ಬಾಚಣಿಗೆ ಮುರಿದು ಅಂಟಿಸಿದ ಹಾಗೆ ಇರತ್ತೆ. ಹೆಣ್ಣಿಗೆ ಇರಲ್ಲ. ಎಷ್ಟೇ ಬೆಳ್ಳಗಿರಲಿ ಅದು ಸುಳ್ಳು ಹೇಳಲ್ಲ. ಈಥರ್ ಜಾಸ್ತಿಯಾದ್ರೆ ರೆಕ್ಕೆ ಮೇಲಕ್ಕೆ ಸೆಟೆದು ನಿಲ್ಲತ್ತೆ, ಆಗ ನೊಣ ಸತ್ತಿದೆ ಅಂತ ಲೆಕ್ಕ. ಸತ್ತ ನೊಣದಲ್ಲಿ ಆರ್‌ಎನ್‌ಎ ಹಾಳಾಗ್ತಾ ಹೋಗತ್ತೆ, ಬೇಗ ಟ್ರೈಜಾಲ್‌ಗೆ ಹಾಕು.

ಹರಿಹರದವ್ನು, 11:48
ನೊಣ ಸಾಕೋದು ಅಂದ್ರೆ ದಾವಣಗೆರೆ ಬೇಸಿಗೆಯಲ್ಲಿ ದೊಡ್ಡ ಕಷ್ಟ. 30 ಡಿಗ್ರಿ ದಾಟಿದ್ರೆ ಗಂಡು ನೊಣ ಬಂಜೆ ಆಗ್ತವೆ, ಬಾಟಲಿಯಲ್ಲಿ ಮೊಟ್ಟೆ ಇರತ್ತೆ, ಮರಿ ಇರಲ್ಲ. ನಾನು ರವೆ, ಬೆಲ್ಲ, ಅಗರ್, ಪ್ರೊಪಿಯಾನಿಕ್ ಆಸಿಡ್ ಹಾಕಿ ಮೀಡಿಯಾ ಮಾಡ್ತೀನಿ. ರವೆ ಬದಲು ನಮ್ಮ ಕಡೆಯ ಮೆಕ್ಕೆಜೋಳದ ಹಿಟ್ಟು ಹಾಕಿದವರು ಯಾರಾದ್ರೂ ಇದೀರಾ?

ಅಕ್ರಿಲಿಕ್_ಅಣ್ಣ, 11:55
ನಾನು ಹಾಕ್ತೀನಿ. ಬೂಸ್ಟು ಬೇಗ ಬರತ್ತೆ, ಅದೊಂದು ನೋಡ್ಕೊಳ್ಳಿ.

ಮೂರು_ಪ್ರೈಮ್, ಮಧ್ಯಾಹ್ನ 12:20
ವಿಷಯಕ್ಕೆ ಬರೋಣ. ಇದು ನೊಣದ್ದಷ್ಟೇ ಕಥೆ ಅಂತ ಯಾರೂ ತಿಳ್ಕೋಬೇಡಿ. ನಮ್ಮಲ್ಲಿ ಪ್ರೋಟೀನ್ ಮಾಡೋ ಜೀನ್ ಸುಮಾರು 20,000, ಅದರಲ್ಲಿ ಒಂದಕ್ಕಿಂತ ಹೆಚ್ಚು ಎಕ್ಸಾನ್ (ಕತ್ತರಿಸಿದ ಮೇಲೆ ಉಳಿದು ಜೋಡಿಯಾಗೋ ತುಂಡು) ಇರೋ ಜೀನ್‌ಗಳು ಹೆಚ್ಚೂ ಕಡಿಮೆ ಎಲ್ಲವೂ ಬೇರೆ ಬೇರೆ ರೀತಿ ಜೋಡಿಸಿಕೊಳ್ತವೆ. ಕ್ಯಾಲ್ಸಿಟೋನಿನ್ ಜೀನ್ ಥೈರಾಯ್ಡ್‌ನಲ್ಲಿ ಹಾರ್ಮೋನ್ ಕೊಡತ್ತೆ, ಅದೇ ಜೀನ್ ನರಕೋಶದಲ್ಲಿ ಸಿಜಿಆರ್‌ಪಿ ಅನ್ನೋ ಬೇರೆಯೇ ಪೆಪ್ಟೈಡ್ ಕೊಡತ್ತೆ. ಎಸ್‌ಎಂಎನ್1 ಜೀನ್‌ನ ನಕಲಿನಂತಿರೋ ಎಸ್‌ಎಂಎನ್2 ಜೀನ್‌ನಲ್ಲಿ ಒಂದೇ ಅಕ್ಷರ, ಸಿ ಇರಬೇಕಾದಲ್ಲಿ ಟಿ ಇದೆ. ಅದರಿಂದ 7ನೇ ಎಕ್ಸಾನ್ ಬಹಳಷ್ಟು ಸಲ ಬಿಟ್ಟು ಹೋಗತ್ತೆ. ಎಸ್‌ಎಂಎನ್1 ಇಲ್ಲದ ಮಗುವಿಗೆ ಬೆನ್ನುಹುರಿಯ ನರಗಳು ಸೋತು ಸ್ನಾಯು ಕರಗೋ ಕಾಯಿಲೆ ಬರತ್ತೆ. ಆ ಎಕ್ಸಾನ್ ಬಿಡದ ಹಾಗೆ ಮಾಡೋ ನುಸಿನರ್ಸೆನ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರ್‌ನಲ್ಲಿ.

ಹರಿಹರದವ್ನು, 12:34
ನೊಣದಲ್ಲೇ ಇನ್ನೂ ದೊಡ್ಡದಿದೆಯಲ್ಲ, ಡಿಸ್‌ಕ್ಯಾಮ್. ನಾಲ್ಕು ಗುಂಪಿನಲ್ಲಿ ಆಯ್ಕೆ ಎಕ್ಸಾನ್‌ಗಳು 12, 48, 33, 2, ಪ್ರತಿ ಗುಂಪಿನಿಂದ ಒಂದೊಂದೇ ಉಳಿಯತ್ತೆ. ಗುಣಿಸಿದ್ರೆ 38,016. ನೊಣದ ಒಟ್ಟು ಜೀನ್ ಸುಮಾರು 14,000. ಒಂದು ಜೀನೇ ಅದಕ್ಕಿಂತ ಜಾಸ್ತಿ ರೂಪ ಕೊಡಬಲ್ಲದು.

ಜೆಲ್‌ರಾಯ, 12:41
ಕೊಡಬಲ್ಲದು ಅನ್ನೋದು ಬೇರೆ, ಕೊಡತ್ತೆ ಅನ್ನೋದು ಬೇರೆ. ಎಷ್ಟು ರೂಪ ನಿಜವಾಗಿ ಪ್ರೋಟೀನ್ ಆಗಿ ಕೆಲಸ ಮಾಡ್ತವೆ ಅಂತ ಜಗಳ ಇನ್ನೂ ನಡೀತಿದೆ. ಆರ್‌ಎನ್‌ಎ ಕಂಡ ತಕ್ಷಣ ಪ್ರೋಟೀನ್ ಅಂತ ಬರೆಯೋರ ಕಾಟ ಸಾಕಾಗಿದೆ.

ಮೇಷ್ಟ್ರು_ದುರ್ಗ, 1:05
ಅದೂ ಸರಿಯೇ. ನಾವು ಓದುವಾಗ ಬೀಡಲ್, ಟೇಟಮ್ 1941ರಲ್ಲಿ ತೋರಿಸಿದ "ಒಂದು ಜೀನ್, ಒಂದು ಕಿಣ್ವ" ವೇದವಾಕ್ಯ. 1977ರಲ್ಲಿ ಶಾರ್ಪ್, ರಾಬರ್ಟ್ಸ್ ಅವರ ಗುಂಪುಗಳು ಅಡಿನೋವೈರಸ್‌ನಲ್ಲಿ ಜೀನೇ ತುಂಡು ತುಂಡಾಗಿ ಇದೆ ಅಂತ ತೋರಿಸಿದ ಮೇಲೂ, ಅವರಿಗೆ 1993ರಲ್ಲಿ ನೊಬೆಲ್ ಬಂದ ಮೇಲೂ, ಪ್ರಶ್ನೆಪತ್ರಿಕೆಯಲ್ಲಿ ಹಳೇ ಪ್ರಶ್ನೆಯೇ ಬರ್ತಿತ್ತು. ನಾನೇ ಎಷ್ಟೋ ವರ್ಷ ಅದಕ್ಕೆ ಅಂಕ ಕೊಟ್ಟಿದೀನಿ.

ನೊಣದ_ಹಿಂದೆ, ಶುಕ್ರವಾರ ಸಂಜೆ 6:50
ಬಂತು! 2.5% ಜೆಲ್, ನಿಧಾನ ಓಟ. ಗಂಡು ಲೇನ್: ಒಂದೇ ಬ್ಯಾಂಡ್, 400ಕ್ಕಿಂತ ಒಂಚೂರು ಕೆಳಗೆ. ಜಿನೋಮಿಕ್ ಲೇನ್: ಒಂದೇ ಬ್ಯಾಂಡ್, 400ಕ್ಕೂ 500ಕ್ಕೂ ನಡುವೆ, ಸ್ಪಷ್ಟವಾಗಿ ಮೇಲೆ. ಹೆಣ್ಣು ಲೇನ್: 210 ಇದೆ, ಗಂಡಿನಲ್ಲಿದ್ದದ್ದೂ ಇದೆ. ಹೆಣ್ಣಿನಲ್ಲಿ 210 ಒಂದೇ ಬರ್ಬೇಕಿತ್ತಲ್ವಾ? ಕಾಲಿನ ಬಾಚಣಿಗೆ ನೋಡೇ ಆರಿಸಿದ್ದು, ಗಂಡು ಸೇರಿಲ್ಲ.

ಜೆಲ್‌ರಾಯ, 7:02
ನಾನು ಹೇಳಿದ್ದೇನು? ಹೆಣ್ಣಿನಲ್ಲೂ ಮೇಲಿನ ಬ್ಯಾಂಡ್.

ಮೂರು_ಪ್ರೈಮ್, 7:09
ಅದು ಜಿನೋಮಿಕ್ ಎತ್ತರದಲ್ಲಿಲ್ಲ, ಗಂಡಿನ ಎತ್ತರದಲ್ಲಿದೆ. ಓದಿ ಹಾಕಿ ಸ್ವಾಮಿ.

ಅಕ್ಕ, ಹೆಣ್ಣಿನಲ್ಲಿ ಎರಡೂ ಬರೋದೇ ಸರಿ. ಸೆಕ್ಸ್-ಲೀಥಲ್ ಹತ್ತಿರದ ಜಾಗವನ್ನ ಪೂರ್ತಿ ಮುಚ್ಚಲ್ಲ, ಸುಮಾರು ಅರ್ಧ ಆರ್‌ಎನ್‌ಎ ಹಳೇ ದಾರಿಯಲ್ಲೇ ಕತ್ತರಿಸಿಕೊಳ್ಳತ್ತೆ. ಉಳಿದರ್ಧದಿಂದ ಬರೋ ಪ್ರೋಟೀನೇ ಸಾಕು. ಅದು ಟ್ರಾ-2 ಅನ್ನೋ ಇನ್ನೊಂದು ಪ್ರೋಟೀನ್ ಜೊತೆ ಸೇರಿ ಲಿಂಗ ನಿರ್ಧರಿಸೋ ಡಬಲ್‌ಸೆಕ್ಸ್ ಜೀನ್‌ನ 4ನೇ ಎಕ್ಸಾನ್ ಸೇರಿಸತ್ತೆ, ಹೆಣ್ಣಿನದು 427 ಅಮೈನೋ ಆಮ್ಲದ ಪ್ರೋಟೀನ್. ಗಂಡಿನಲ್ಲಿ ಆ ಎಕ್ಸಾನ್ ಬಿಟ್ಟು 549ರದು. ಇನ್ನೊಂದು, ಬ್ಯಾಂಡ್ ಹೊಳಪು ನೋಡಿ ಇಷ್ಟು ಪರ್ಸೆಂಟ್ ಅಂತ ಸ್ಲೈಡ್‌ನಲ್ಲಿ ಬರೀಬೇಡಿ. ಪಿಸಿಆರ್‌ಗೆ ಚಿಕ್ಕ ತುಂಡಿನ ಮೇಲೆ ಒಲವು ಜಾಸ್ತಿ.

ನೊಣದ_ಹಿಂದೆ, 7:30
ಸರಿ. ಆದ್ರೆ ಹೆಣ್ಣು ಲೇನ್‌ನಲ್ಲಿ ಇನ್ನೂ ಮೇಲೆ ಮೂರನೇದೊಂದು ಮಸುಕಾಗಿ ಕಾಣ್ತಿದೆ, ಹೆಚ್ಚೂ ಕಡಿಮೆ ಜಿನೋಮಿಕ್ ಎತ್ತರ. ಗಂಡಿನಲ್ಲಿ ಇಲ್ಲ. ಹೆಣ್ಣಿನ ಮೈನಸ್ ಆರ್‌ಟಿ ಈ ಸಲ 35 ಸೈಕಲ್, ಖಾಲಿ.

ಜೆಲ್‌ರಾಯ, 7:33
🙂

ಮೇಷ್ಟ್ರು_ದುರ್ಗ, 7:58
ನಗಬೇಡಿ ರಾಯರೇ, ಮೈನಸ್ ಆರ್‌ಟಿ ಖಾಲಿ ಅಂದಳಲ್ಲ. ಅದು ಹೆಟೆರೊಡ್ಯೂಪ್ಲೆಕ್ಸ್ ಇರಬೇಕು. ಕೊನೇ ಸೈಕಲ್‌ಗಳಲ್ಲಿ ಉದ್ದದ ಎಳೆಯೊಂದು, ಚಿಕ್ಕದರ ಎಳೆಯೊಂದು ಜೋಡಿಯಾಗ್ತವೆ. ಜೋಡಿ ಸಿಗದ 175 ಬೇಸ್ ಕುಣಿಕೆಯಾಗಿ ಹೊರಗೆ ಉಬ್ಬಿಕೊಳ್ಳತ್ತೆ, ಜೆಲ್‌ನಲ್ಲಿ ತಡವಾಗಿ ಓಡತ್ತೆ. ಎರಡು ರೂಪ ಇದ್ದಲ್ಲಿ ಮಾತ್ರ ಬರೋಕೆ ಸಾಧ್ಯ, ಅದಕ್ಕೇ ಗಂಡಿನಲ್ಲಿಲ್ಲ. ಕೆಳಗಿನ ಎರಡೂ ಬ್ಯಾಂಡ್ ಕೊಯ್ದು ಶುದ್ಧ ಮಾಡಿ, ಬೆರೆಸಿ, 95 ಡಿಗ್ರಿಗೆ ಕಾಯಿಸಿ ನಿಧಾನ ಆರಿಸಿ ಓಡಿಸು. ಮೂರನೇದು ಮತ್ತೆ ಹುಟ್ಟಿದ್ರೆ ಅದೇ.

ಜೆಲ್‌ರಾಯ, 8:10
ಹುಟ್ಟದಿದ್ರೆ?

ಹರಿಹರದವ್ನು, 8:16
ಹುಟ್ಟದಿದ್ರೆ ಹೊಸ ಥ್ರೆಡ್ ತೆಗೀರಿ. ಅಕ್ಕ, ಪ್ರೆಸೆಂಟೇಶನ್‌ನಲ್ಲಿ ಮೊದಲು ಹಾಕಿದ ಫೋಟೋ ಮಾತ್ರ ಹಾಕ್ಬೇಡಿ.

ನೊಣದ_ಹಿಂದೆ, 8:25
ಬ್ಯಾಂಡ್ ಕೊಯ್ಯೋ ಕಿಟ್ ಡಿಪಾರ್ಟ್‌ಮೆಂಟ್‌ನಲ್ಲಿ ಇಲ್ಲ. ಯಾರ ಹತ್ರ ಆದ್ರೂ ಎರಡು ಕಾಲಂ ಉಳಿದಿದ್ರೆ ಹೇಳಿ, ಬಸ್ಸಲ್ಲಿ ಬಂದು ತಗೊಂಡು ಹೋಗ್ತೀನಿ.

ಅಕ್ರಿಲಿಕ್_ಅಣ್ಣ, 8:41
ಕಾಲಂ ಇಲ್ಲಮ್ಮಾ. ನೀಲಿ ಎಲ್‌ಇಡಿ ಬಾಕ್ಸ್ ಬೇಕಾದ್ರೆ ಕೊಡ್ತೀನಿ, ಯುವಿಯಲ್ಲಿಟ್ಟು ಕೊಯ್ದರೆ ಡಿಎನ್‌ಎ ಹಾಳಾಗತ್ತೆ. ಮಂಡಿಪೇಟೆ ಕಡೆ ಬಂದ್ರೆ ಫೋನ್ ಮಾಡು.

ಹರಿಹರದವ್ನು, 9:03
ಆ ಮೆಕ್ಕೆಜೋಳದ ಮೀಡಿಯಾಗೆ ಪ್ರೊಪಿಯಾನಿಕ್ ಎಷ್ಟು ಹಾಕ್ತೀರಿ ಅಣ್ಣಾ? ನನ್ನದು ಮತ್ತೆ ಬೂಸ್ಟು ಹಿಡೀತು.