ಚುನಾವಣೆ ಪಾಠ ತೆಗೆದರೆ ಕ್ಲಾಸಿನಲ್ಲಿ ಪಕ್ಷಗಳ ಜಗಳ. ಏನು ಮಾಡ್ತೀರಿ?

ಹೊಸ ಮೇಷ್ಟ್ರು:
ರಾಜ್ಯಶಾಸ್ತ್ರ ಪಾಠ ಮಾಡಲು ಶುರು ಮಾಡಿ ಇದು ಎರಡನೇ ವರ್ಷ. ಡಿಗ್ರಿ ಕ್ಲಾಸು, 45 ಜನ. ತೀರ್ಮಾನ ಮಾಡುವ ಅಧಿಕಾರ ಯಾರದು ಅಂತ ಚರ್ಚಿಸಿದ ಹಾಬ್ಸ್, ಲಾಕ್ ಅವರ ಪಾಠ ಮಾಡುವಾಗ ಎಲ್ಲರೂ ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಾರೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಚುನಾವಣಾ ಪದ್ಧತಿಗೆ ಬಂದೆನೋ, ಎರಡೇ ನಿಮಿಷಕ್ಕೆ ನಿಮ್ಮ ಪಕ್ಷ, ನಮ್ಮ ಪಕ್ಷ ಶುರು. ಮೊನ್ನೆ ಒಬ್ಬ ಎದ್ದು ನಿಂತು "ಸರ್, ನೀವು ಯಾವ ಕಡೆ?" ಅಂದ. ನಾನು ಸುಮ್ನೆ ಬೋರ್ಡ್ ಒರೆಸಿದೆ. ಬಾಯಿ ಮುಚ್ಚಿಸದೆ ಇವರನ್ನು ಪಾಠಕ್ಕೆ ಎಳೆಯುವುದು ಹೇಗೆ?

ಸೀಮೆಸುಣ್ಣ:
ಮೊದಲ ದಿನ ಪಕ್ಷಗಳ ಹೆಸರೇ ಬೇಡ. ಈ ಸಲ ಮಾರ್ಕ್ಸ್ ಯಾವುದಕ್ಕೆ ಕೊಡೋಣ, ಟೆಸ್ಟ್, ಸೆಮಿನಾರ್, ಪ್ರಾಜೆಕ್ಟ್? ಇಷ್ಟದ ಕ್ರಮದಲ್ಲಿ ಚೀಟಿ ಬರೆಸಿ. ನಿಮ್ಮ 45 ಜನರನ್ನೇ ಹೀಗೆ ಅಂದುಕೊಳ್ಳಿ:

20 ಜನ: ಟೆಸ್ಟ್, ಸೆಮಿನಾರ್, ಪ್ರಾಜೆಕ್ಟ್
15 ಜನ: ಪ್ರಾಜೆಕ್ಟ್, ಸೆಮಿನಾರ್, ಟೆಸ್ಟ್
10 ಜನ: ಸೆಮಿನಾರ್, ಪ್ರಾಜೆಕ್ಟ್, ಟೆಸ್ಟ್

(ಟೆಸ್ಟ್ ಬೇಕು ಅನ್ನುವ 20 ಜನ ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡಿ.)

ಮೊದಲ ಆಯ್ಕೆ ಮಾತ್ರ ಎಣಿಸಿದರೆ ಟೆಸ್ಟ್ ಗೆಲ್ಲುತ್ತೆ. ಕೊನೆಗೆ ಬಂದ ಸೆಮಿನಾರನ್ನು ಕೈಬಿಟ್ಟು ಆ 10 ಮತ ಅವರವರ ಎರಡನೇ ಆಯ್ಕೆಗೆ ಹಾಕಿದರೆ ಪ್ರಾಜೆಕ್ಟ್, 25. ಎರಡೆರಡನ್ನೇ ಎದುರುಬದುರು ನಿಲ್ಲಿಸಿದರೆ ಸೆಮಿನಾರ್ ಇಬ್ಬರನ್ನೂ ಸೋಲಿಸುತ್ತೆ: ಟೆಸ್ಟ್ ಎದುರು 25-20, ಪ್ರಾಜೆಕ್ಟ್ ಎದುರು 30-15. ಚೀಟಿ ಒಂದೂ ಬದಲಾಗಿಲ್ಲ, ಅಲ್ವಾ?

ಈ ಎದುರುಬದುರು ಲೆಕ್ಕದ ಬಗ್ಗೆ ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ಬರೆದಿದ್ದಾನೆ. ಹೆಸರು ಕೊನೆಗೆ ಹೇಳಿ. ಮೊದಲೇ ಹೇಳಿದರೆ ಮತ್ತೆ ನೋಟ್ಸ್ ಬರೆಯಲು ಕೂರುತ್ತಾರೆ.

ಮೂರನೇ ಬೆಂಚು:
ಲೆಕ್ಕ ಚೆನ್ನಾಗಿದೆ. ಆದರೆ ಪಕ್ಷವೇ ಇಲ್ಲದ ರಾಜ್ಯಶಾಸ್ತ್ರ ಎಷ್ಟು ದಿನ? ನಾನು ಮುಂದಿನ ಕ್ಲಾಸಿಗೇ ವಾಪಸ್ ತರುತ್ತೇನೆ. ಒಂದೇ ಷರತ್ತು: ತನ್ನ ಪಕ್ಷಕ್ಕೆ ನಷ್ಟವಾಗುವ ಎಣಿಕೆಯ ಪರವಾಗಿ ಐದು ನಿಮಿಷ ಮಾತಾಡಬೇಕು. ಯಾವ ಕಡೆ ಅಂದವನನ್ನೇ ಮೊದಲು ನಿಲ್ಲಿಸಿ.

ಹೊಸ ಮೇಷ್ಟ್ರು:
ಇವತ್ತು ಮಾಡಿಸಿದೆ. ನಮ್ಮಲ್ಲಿ ಹೇಗೆ ಎಣಿಸಿದರೂ ಪ್ರಾಜೆಕ್ಟೇ ಗೆದ್ದಿತು, ಸೋಮಾರಿಗಳು! ಆಮೇಲೆ ನಿಮ್ಮ 20-15-10 ಬೋರ್ಡ್ ಮೇಲೆ ಬರೆದೆ. ಯಾವ ಕಡೆ ಅಂದವನಿಗೇ ಎಣಿಸಲು ಹೇಳಿದ್ದೆ, ಎರಡು ಸಲ ತಪ್ಪಿದ. ಇಷ್ಟು ದಿನ ಮಾತೇ ಆಡದ ಹುಡುಗಿಯೊಬ್ಬಳು "ಹಾಗಾದ್ರೆ ಹೇಗೆ ಎಣಿಸಬೇಕು ಅಂತ ತೀರ್ಮಾನ ಮಾಡೋರು ಯಾರು ಸರ್?" ಅಂದಳು. ಹಾಬ್ಸ್ ಮುಗಿಸಿ ತಿಂಗಳಾಯಿತು. ನಾಳೆ ಮತ್ತೆ ಅಲ್ಲಿಂದಲೇ ಶುರು ಮಾಡಬೇಕು.