ಯಾದಗಿರಿಯಲ್ಲಿ ಗ್ರಿಡ್ ಕಂಪ್ಯೂಟಿಂಗ್ ಕಾರ್ಯಾಗಾರ: ಒಂದು ಸಲ ಕೆಟ್ಟಿದೆ, ಈ ಸಲ ಹೇಗೆ ಮಾಡಲಿ?

ಭೀಮಾತೀರ (ಯಾದಗಿರಿ):
ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಹೋದ ವರ್ಷ ಎರಡು ದಿನದ ಗ್ರಿಡ್ ಕಂಪ್ಯೂಟಿಂಗ್ (ಒಂದು ದೊಡ್ಡ ಲೆಕ್ಕವನ್ನು ಹಲವು ಕಂಪ್ಯೂಟರಿಗೆ ಹಂಚಿ ಮಾಡಿಸುವುದು) ಕಾರ್ಯಾಗಾರ ಇಟ್ಟುಕೊಂಡಿದ್ದೆವು. ನಮ್ಮ ಹುಡುಗರಷ್ಟೇ ಅಲ್ಲ, ಊರಿನವರು ಯಾರು ಬೇಕಾದರೂ ಬರಲಿ ಅಂದಿದ್ದೆ. ಇಬ್ಬರು ಹೈಸ್ಕೂಲ್ ಮಾಸ್ತರರು, ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ ಬಂದಿದ್ದರು.

ಮೊದಲ ದಿನ ಪೂರ್ತಿ ಪಿಪಿಟಿ. ಜಿನೀವಾದ ಸೆರ್ನ್ ಅನ್ನೋ ಫಿಸಿಕ್ಸ್ ಪ್ರಯೋಗಾಲಯ, ಕಣಗಳನ್ನು ಡಿಕ್ಕಿ ಹೊಡೆಸುವ ಅಲ್ಲಿನ ಕೊಲೈಡರ್ ಯಂತ್ರ, ಅದರ ಡೇಟಾ ಹಂಚಿಕೊಳ್ಳುವ 40ಕ್ಕೂ ಜಾಸ್ತಿ ದೇಶಗಳ ಸುಮಾರು 170 ಕೇಂದ್ರಗಳು. ಎಲ್ಲರೂ ತಲೆ ಆಡಿಸಿದರು. ಎರಡನೇ ದಿನ ಕೈಯಾರೆ ಮಾಡಿಸೋಣ ಅಂತ 22 ಕಂಪ್ಯೂಟರಿನಲ್ಲೂ ಒಟ್ಟಿಗೇ ಲಿನಕ್ಸ್ (ವಿಂಡೋಸಿನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಡೌನ್‌ಲೋಡ್ ಮಾಡಿ ಅಂದುಬಿಟ್ಟೆ. ತಪ್ಪು ನನ್ನದೇ. ನೆಟ್ ಅಲ್ಲೇ ಮಲಗಿತು. ಊಟದ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದವನದ್ದೇ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಕರೆಂಟೂ ಹೋಯಿತು. ಫೀಡ್‌ಬ್ಯಾಕ್ ಹಾಳೆಯಲ್ಲಿ ಜಾಸ್ತಿ ಜನ ಬರೆದದ್ದು, ಎಣ್ಣೆಗಾಯಿ ಚೆನ್ನಾಗಿತ್ತು ಅಂತ.

ಈ ಸಲ ಏನು ಕಲಿಸಲಿ? ನೆಟ್ ನಂಬದೆ ಮಾಡೋಕೆ ಆಗುತ್ತಾ? ಸಾಮಾನ್ಯ ಜನರ ಕಂಪ್ಯೂಟರಿನಿಂದ ವಿಜ್ಞಾನಿಗಳ ಲೆಕ್ಕ ಮಾಡಿಸುವ ಬೋಯಿಂಕ್ ಸಾಫ್ಟ್‌ವೇರನ್ನು ಎಲ್ಲ ಕಂಪ್ಯೂಟರಿಗೂ ಹಾಕಿ ಬಿಟ್ಟರೆ ಸಾಕಾ?

ತೊಗರಿಕಣ (ಕಲಬುರಗಿ):
ಸರ್, ಮೊದಲು ಸೆರ್ನ್ ಪಕ್ಕಕ್ಕಿಡಿ. ನಿಮ್ಮ ಲ್ಯಾಬೇ ಗ್ರಿಡ್ ಆಗಲಿ. 22 ಕಂಪ್ಯೂಟರು, ತಲಾ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಅಂದರೂ 88 ಕೋರ್ ಆಯಿತು. ಸಂಜೆ ಬೀಗ ಹಾಕಿದ ಮೇಲೆ ಅವೆಲ್ಲ ಸುಮ್ನೆ ಕೂತಿರುತ್ತವೆ, ಅಲ್ವಾ?

ಎಚ್‌ಟಿಕಾಂಡರ್ ಅನ್ನೋ ಸಾಫ್ಟ್‌ವೇರ್ ಹಾಕಿ. ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯವರು 1988ರ ಸುಮಾರಿಗೆ ಶುರು ಮಾಡಿದ್ದು, ಖಾಲಿ ಕೂತ ಕಂಪ್ಯೂಟರುಗಳಿಂದ ಕೆಲಸ ತೆಗೆಯೋಕೇ ಅಂತ. ಅವಾಗ ಬರೀ ಕಾಂಡರ್ ಅನ್ನುತ್ತಿದ್ದರು. ಪೂರ್ತಿ ಉಚಿತ. ಇದಕ್ಕೆ ಇಂಟರ್‌ನೆಟ್ ಬೇಡ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್ ಸಾಕು. ಲಿನಕ್ಸ್, ಕಾಂಡರ್ ಎರಡನ್ನೂ ಒಂದೇ ಸಲ ಇಳಿಸಿಕೊಂಡು ಪೆನ್‌ಡ್ರೈವ್‌ನಿಂದ ಹಾಕಿ. ಅದೂ ಕಾರ್ಯಾಗಾರದ ದಿನ ಅಲ್ಲ, ಹಿಂದಿನ ವಾರ.

ವಿವರಿಸುವಾಗ ಮುಯ್ಯಾಳು ಅನ್ನಿ. ನಮ್ಮ ಕಡೆ ಹುಡುಗರಿಗೆ ಬೇರೆ ಉದಾಹರಣೆ ಬೇಕಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲದ ಯಜಮಾನನಿಗೇ ಆಳು ಬೇಕಾದರೆ ಬಂದವರು ಬಿಟ್ಟುಕೊಡಬೇಕು. ಕಾಂಡರ್‌ನಲ್ಲೂ ಹಾಗೇ ಹೇಳಿಡಬಹುದು: ಯಾರಾದರೂ ಕೀಬೋರ್ಡ್ ಮುಟ್ಟಿದರೆ ಹೊರಗಿನ ಕೆಲಸ ಪಕ್ಕಕ್ಕೆ ಸರಿಯುತ್ತದೆ.

ಅಭ್ಯಾಸಕ್ಕೆ ಪೈ ಲೆಕ್ಕ ಸಾಕು. ಚೌಕದೊಳಗೆ ಕಣ್ಣುಮುಚ್ಚಿ ಕಾಳು ಎರಚಿ, ಅದರೊಳಗಿನ ವೃತ್ತದಲ್ಲಿ ಎಷ್ಟು ಬಿತ್ತು ಅಂತ ಎಣಿಸುವುದು. ಅದನ್ನು ಮಾಡುವ ಪ್ರೋಗ್ರಾಮನ್ನು 200 ಸಲ ಕ್ಯೂಗೆ ಹಾಕಿಸಿ. ಇಲ್ಲೊಂದು ಕಿವಿಮಾತು. ಸಬ್‌ಮಿಟ್ ಕೊಟ್ಟ ತಕ್ಷಣ ಏನೂ ಆಗಲ್ಲ, ಎಲ್ಲ ಐಡಲ್ (ಇನ್ನೂ ಶುರುವಾಗಿಲ್ಲ) ಅಂತಲೇ ತೋರಿಸುತ್ತದೆ. ಕೆಲಸಕ್ಕೆ ಕಂಪ್ಯೂಟರ್ ಜೋಡಿಸುವ ಸುತ್ತು ಮಾಮೂಲಿಯಾಗಿ ನಿಮಿಷಕ್ಕೊಂದು ಸಲ ನಡೆಯುವುದು. ಆ ಒಂದು ನಿಮಿಷದಲ್ಲೇ ಅರ್ಧ ಜನ ಕೆಟ್ಟಿದೆ ಅಂತ ಎಲ್ಲ ಅಳಿಸಿ ಮತ್ತೆ ಹಾಕುತ್ತಾರೆ. ಮೊದಲೇ ಹೇಳಿಡಿ.

ಇನ್ನೊಂದು, ಕೇಬಲ್ ಕಿತ್ತು ತೋರಿಸುವ ಆಸೆ ಎಲ್ಲರಿಗೂ ಬರುತ್ತೆ. ನಾನೂ ಕಿತ್ತಿದ್ದೆ, ಮೂವತ್ತು ಜನರ ಎದುರು. ಆ ಕೆಲಸ ಬೇರೆ ಕಂಪ್ಯೂಟರಿಗೆ ಹೋಗಲೇ ಇಲ್ಲ! ಕಳೆದುಹೋದ ಕಂಪ್ಯೂಟರ್ ವಾಪಸ್ ಬಂದೀತು ಅಂತ ಕಾಂಡರ್ 40 ನಿಮಿಷ ಕಾಯುತ್ತದೆ. ಜಾಬ್ ಲೀಸ್ ಅನ್ನೋ ಆ ಅವಧಿಯನ್ನು ಸಬ್‌ಮಿಟ್ ಫೈಲಿನಲ್ಲೇ ಕಡಿಮೆ ಮಾಡಿಟ್ಟು, ಆಮೇಲೆ ಕೀಳಿ.

ಬಿದರಿಕುಸುರಿ (ಬೀದರ್):
ಬೋಯಿಂಕ್ ವಿಷಯಕ್ಕೆ ಬರುತ್ತೇನೆ. ಕಾಲೇಜು ಕಂಪ್ಯೂಟರಿಗೆ ಕೇಳದೆ ಹಾಕಬೇಡಿ. ಹಗಲೂ ರಾತ್ರಿ ಸಿಪಿಯು ತಿರುಗಿಸಿದರೆ ಕರೆಂಟ್ ಬಿಲ್ ಕಾಲೇಜಿನದ್ದು, ಏಪ್ರಿಲ್‌ನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ಕ್ಕೆ ಶುರುವಾಗುತ್ತೆ, ಇನ್ನು ಎಸಿ ಇಲ್ಲದ ಲ್ಯಾಬಿನ ಕಥೆ ಏನು ಹೇಳಲಿ. ಮನೆಯ ಲ್ಯಾಪ್‌ಟಾಪ್‌ಗೆ ಇಷ್ಟವಿದ್ದವರು ಹಾಕಿಕೊಳ್ಳಲಿ.

ಆದರೆ ಕಥೆ ಹೇಳೋಕೆ ಬೋಯಿಂಕ್ ಬಿಡಬೇಡಿ. ಏಲಿಯನ್ ಹುಡುಕುವ ಸೆಟಿ ಅಟ್ ಹೋಮ್ 1999ರಲ್ಲಿ ಶುರುವಾಗಿ 2020ರ ಮಾರ್ಚ್‌ವರೆಗೆ ಜನರ ಮನೆಗೆ ಕೆಲಸ ಕಳಿಸುತ್ತಿತ್ತು. ಏಲಿಯನ್ ಸಿಗಲಿಲ್ಲ ಬಿಡಿ. ಬೋಯಿಂಕ್‌ನ ಇನ್ನೊಂದು ಪ್ರಾಜೆಕ್ಟು ಐನ್‌ಸ್ಟೈನ್ ಅಟ್ ಹೋಮ್‌ಗೆ ಮಾತ್ರ 2010ರಲ್ಲಿ ಒಂದು ಹೊಸ ಪಲ್ಸಾರ್ (ಗಿರಗಿರ ತಿರುಗುವ ಸತ್ತ ನಕ್ಷತ್ರ) ಸಿಕ್ಕಿತು. ಕಂಡುಹಿಡಿದದ್ದು ಅಮೆರಿಕ ಮತ್ತು ಜರ್ಮನಿಯ ಸಾಮಾನ್ಯ ಜನರ ಕಂಪ್ಯೂಟರುಗಳು.

ಅದೇ ಪ್ರಾಜೆಕ್ಟು ಅಮೆರಿಕದ ಲೈಗೋ ವೀಕ್ಷಣಾಲಯದ ಡೇಟಾದಲ್ಲಿ ಗುರುತ್ವ ಅಲೆಗಳನ್ನೂ (ಬಾಹ್ಯಾಕಾಶದಿಂದ ಬರುವ ಅತಿ ಸೂಕ್ಷ್ಮ ಕಂಪನ) ಹುಡುಕುತ್ತೆ. ಲೈಗೋ ಇಂಡಿಯಾ ಬರುತ್ತಿರುವುದು ಎಲ್ಲಿ ಅಂದುಕೊಂಡಿರಿ? ನಮ್ಮ ಬೀದರ್ ಗಡಿ ದಾಟಿ, ನಾಂದೇಡ್‌ನ ಆಚೆ, ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಹತ್ತಿರ. 2023ರಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಲೈಗೋದವರು ಲೆಕ್ಕ ಹಾಕೋಕೆ ಬಳಸುವುದೂ ಇದೇ ಕಾಂಡರ್! ಜಿನೀವಾಕ್ಕಿಂತ ಇದನ್ನು ಹೇಳಿ, ಹುಡುಗರು ನೆಟ್ಟಗೆ ಕೂರುತ್ತಾರೆ.

ತಿಂಗಳು: ಡಿಸೆಂಬರ್, ಜನವರಿ ಬೇಡ. ತೊಗರಿ ರಾಶಿ ಬಿಟ್ಟು ಯಾರೂ ಬರಲ್ಲ. ನವೆಂಬರ್ ಶುರುವಿನಲ್ಲಿ ಮುಗಿಸಿ.

ಖಡಕ್‌ರೊಟ್ಟಿ:
ಸರ್ಟಿಫಿಕೇಟ್ ಕೊಡ್ತೀರಾ? ಕೊಟ್ಟರೆ 150 ಜನ, ಇಲ್ಲದಿದ್ದರೆ 15. ನನ್ನ ಕೇಳಿದರೆ ಆ 15 ಜನವೇ ಬೇಕಾದವರು. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿ. ಕಾರ್ಪೆಂಟ್ರೀಸ್ ಅನ್ನೋ ಸಂಸ್ಥೆಯವರು ಕೋಡಿಂಗ್ ಕಲಿಸುವಾಗ ಮಾಡುವ ಹಾಗೆ ಎರಡು ಬಣ್ಣದ ಚೀಟಿ ಕೊಡಿ. ಕೆಲಸ ಮುಗಿದರೆ ಒಂದು ಬಣ್ಣ, ಸಿಕ್ಕಿಹಾಕಿಕೊಂಡರೆ ಇನ್ನೊಂದು, ಮಾನಿಟರ್ ಮೇಲೆ ಅಂಟಿಸೋದು. ನಮ್ಮ ಹುಡುಗಿಯರು ಕೈ ಎತ್ತಿ ಕೇಳಲ್ಲ, ಚೀಟಿ ಆದರೆ ಅಂಟಿಸುತ್ತಾರೆ. ಫ್ಯಾನ್ ಜೋರಾಗಿದ್ದರೆ ಚೀಟಿ ಹಾರುತ್ತೆ, ಟೇಪ್ ಇಟ್ಟುಕೊಳ್ಳಿ.

ಭೀಮಾತೀರ (ಯಾದಗಿರಿ):
ಎಲ್ಲರಿಗೂ ಶರಣು. ಶನಿವಾರ ನಾಲ್ಕು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಒಂದೇ ಡಿಸ್ಕ್‌ನಿಂದ ಕಾಪಿ ಹೊಡೆದಿದ್ದರಿಂದ ನಾಲ್ಕಕ್ಕೂ ಒಂದೇ ಹೆಸರು, ಸ್ಟೇಟಸ್ ನೋಡಿದರೆ ಯಾವುದು ಯಾವುದು ಅಂತ ತಿಳಿಯದು. ಹೆಸರು ಬದಲಿಸಿದೆ. ಆಮೇಲೆ ಸ್ಕ್ರಿಪ್ಟ್ ಓಡಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ವಿಂಡೋಸಿನ ನೋಟ್‌ಪ್ಯಾಡ್‌ನಲ್ಲಿ ಬರೆದಿದ್ದೆ, ಸಾಲಿನ ಕೊನೆಯಲ್ಲಿ ಅದು ಸೇರಿಸುವ ಕಾಣದ ಅಕ್ಷರ ಲಿನಕ್ಸಿಗೆ ಆಗಿಬರಲ್ಲ. ಅದನ್ನು ತೆಗೆದ ಮೇಲೆ 200 ಕೆಲಸವೂ ಓಡಿ, ಸರಾಸರಿ 3.14ಕ್ಕೆ ಬಂತು. ಪ್ಯೂನ್ ಅಣ್ಣ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದ, ಅವನಿಗೇ ಮೊದಲು ತೋರಿಸಿದೆ.

ಈಗ ಬೇಕಾಗಿರುವುದು ಸ್ವಿಚ್. ನಮ್ಮದು ಬರೀ 8 ಪೋರ್ಟಿನದು. ಎರಡು ದಿನಕ್ಕೆ 24ರದ್ದು ಯಾರಾದರೂ ಕೊಡುತ್ತೀರಾ?

ತೊಗರಿಕಣ (ಕಲಬುರಗಿ):
ನನ್ನ ಹತ್ತಿರ ಇದೆ. ಒಂದು ಪೋರ್ಟ್ ಸತ್ತಿದೆ, ಉಳಿದ 23 ಸರಿ ಇವೆ. ತಾರೀಖು ಹೇಳಿ, ಬಸ್ಸಿಗೆ ನಾನೇ ತರುತ್ತೇನೆ.